ಎವರ್‌ಕ್ವೆಸ್ಟ್ ಕಾಲದ ಆನ್‌ಲೈನ್ ಆಟಗಳಿಗೆ ಎರಡನೇ ಇನಿಂಗ್ಸ್ ಇದೆಯೇ?

ಪ್ರಶ್ನೆ: ತುಂಗಾತೀರ

ಅಲ್ಟಿಮಾ ಆನ್‌ಲೈನ್ 1997ರಲ್ಲಿ, ಎವರ್‌ಕ್ವೆಸ್ಟ್ 1999ರಲ್ಲಿ, ರೂನ್‌ಸ್ಕೇಪ್ 2001ರಲ್ಲಿ, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರಲ್ಲಿ ಬಂದವು. ಸಾವಿರಾರು ಜನ ಏಕಕಾಲಕ್ಕೆ ಒಂದೇ ಲೋಕದಲ್ಲಿ ಓಡಾಡುವ, ಒಂದು ಪಾತ್ರವನ್ನು ತಿಂಗಳುಗಟ್ಟಲೆ ಕೂತು ಬೆಳೆಸುವ ಈ ಆಟಗಳನ್ನು ಈಗಿನ ಆಟಗಳ ಪಕ್ಕದಲ್ಲಿಟ್ಟು ನೋಡಿದರೆ, ಅವುಗಳಲ್ಲಿ ಏನಿತ್ತು ಎಂಬುದಕ್ಕಿಂತ ಏನಿರಲಿಲ್ಲ ಎಂಬುದೇ ಮೊದಲು ಕಣ್ಣಿಗೆ ಬೀಳುತ್ತದೆ. ದಾರಿ ತೋರಿಸುವ ಬಾಣವಿರಲಿಲ್ಲ, ಗುಂಪು ಕಟ್ಟಿಕೊಡುವ ಗುಂಡಿಯಿರಲಿಲ್ಲ, ದಿನವೂ ಲಾಗಿನ್ ಆದದ್ದಕ್ಕೆ ಬಹುಮಾನವಿರಲಿಲ್ಲ. ಎವರ್‌ಕ್ವೆಸ್ಟ್‌ನಲ್ಲಂತೂ ಸತ್ತರೆ ಮೈಮೇಲಿನ ಸಾಮಾನೆಲ್ಲ ಹೆಣದ ಜೊತೆ ಅಲ್ಲೇ ಉಳಿಯುತ್ತಿತ್ತು.

ಈ ಆಟಗಳು ಮತ್ತೆ ಬರುತ್ತವೆ ಎನ್ನುವವರು ಹಳೆಯ ಆಟವನ್ನೇ ಮತ್ತೆ ತೆರೆದ 2019ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಕಡೆಗೆ ಕೈ ತೋರಿಸುತ್ತಾರೆ. ಬರುವುದಿಲ್ಲ ಎನ್ನುವವರ ಬಳಿಯೂ ಪುರಾವೆ ಇದೆ. ಕಠಿಣ ರೇಡ್‌ಗಳನ್ನೇ, ಅಂದರೆ ಹಲವರು ಸೇರಿ ದೊಡ್ಡ ಶತ್ರುಗಳನ್ನು ಎದುರಿಸುವ ಕಾಳಗಗಳನ್ನೇ, ನೆಚ್ಚಿಕೊಂಡು 2014ರಲ್ಲಿ ಬಂದ ವೈಲ್ಡ್‌ಸ್ಟಾರ್ 2018ರಲ್ಲಿ ಬಾಗಿಲು ಹಾಕಿತು. ಎವರ್‌ಕ್ವೆಸ್ಟ್‌ನ ರೂವಾರಿಗಳಲ್ಲಿ ಒಬ್ಬರಾದ ಬ್ರಾಡ್ ಮೆಕ್ವೇಡ್ ಆರಂಭಿಸಿದ ಪ್ಯಾಂಥಿಯಾನ್ ಎಂಬ ಆಟ 2014ರಲ್ಲಿ ಜನರಿಂದ ಹಣ ಕೇಳಲು ಹೊರಟು ಗುರಿ ಮುಟ್ಟದೆ, ಅವರು 2019ರಲ್ಲಿ ತೀರಿಕೊಂಡ ನಂತರ, 2024ರ ಡಿಸೆಂಬರ್‌ನಲ್ಲಿ ಅಪೂರ್ಣ ರೂಪದಲ್ಲಷ್ಟೇ ಆಡುಗರ ಕೈಗೆ ಬಂತು.

ನನ್ನ ಪ್ರಶ್ನೆ ಇಷ್ಟೇ. ಹಳೆಯ ಆಟಗಳಿಗೆ ಈಗ ಸಿಗುತ್ತಿರುವ ಜನ ತಮ್ಮ ಹದಿನೆಂಟನೆಯ ವಯಸ್ಸನ್ನು ಹುಡುಕಿಕೊಂಡು ಬಂದವರೇ, ಅಥವಾ ಆ ಆಟಗಳ ರಚನೆಯಲ್ಲೇ ಈಗಿನ ಆಟಗಳಲ್ಲಿ ಸಿಗದ ಏನಾದರೂ ಇದೆಯೇ? ಮೊದಲನೆಯದು ನಿಜವಾದರೆ ನಮ್ಮ ತಲೆಮಾರಿನೊಂದಿಗೆ ಇದು ಮುಗಿಯುತ್ತದೆ. ಎರಡನೆಯದು ನಿಜವಾದರೆ ನನ್ನ ಅಕ್ಕನ ಮಗನಂಥವರೂ ಒಂದು ದಿನ ಇತ್ತ ಬರಬೇಕು. ಸೈಬರ್ ಕೆಫೆಯ ನೆನಪುಗಳನ್ನು ಬೇರೆ ಚರ್ಚೆಗೆ ಇಟ್ಟುಕೊಂಡು ಇಲ್ಲಿ ಆಟಗಳ ಬಗ್ಗೆ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಹಳೇಮೌಸ್

ತುಂಗಾತೀರ ಅವರೇ, ಒಂದು ಆಟದ ಮಟ್ಟಿಗೆ ನಿಮ್ಮ ಪ್ರಶ್ನೆಗೆ 2013ರಲ್ಲೇ ಉತ್ತರ ಸಿಕ್ಕಿದೆ. ಆ ಉತ್ತರ ಸಿಕ್ಕ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಅದನ್ನು ಕೇವಲ ಹಳೆಯ ನೆನಪಿನ ವ್ಯಾಪಾರವೆಂದು ತಳ್ಳಿಹಾಕುತ್ತಾರೆ.

ಕೇಂಬ್ರಿಡ್ಜ್‌ನ ಜ್ಯಾಗೆಕ್ಸ್ ಸಂಸ್ಥೆ 2007ರ ಡಿಸೆಂಬರ್‌ನಲ್ಲಿ ರೂನ್‌ಸ್ಕೇಪ್‌ನ ಮುಕ್ತ ವ್ಯಾಪಾರವನ್ನೂ, ಆಡುಗರು ಒಬ್ಬರನ್ನೊಬ್ಬರು ಕೊಲ್ಲಬಹುದಾಗಿದ್ದ ವೈಲ್ಡರ್‌ನೆಸ್‌ನ ಹಳೆಯ ಸ್ವರೂಪವನ್ನೂ ತೆಗೆದುಹಾಕಿತು. ಆಟದ ಚಿನ್ನವನ್ನು ನಿಜವಾದ ಹಣಕ್ಕೆ ಮಾರುವವರ ಹಾವಳಿಯನ್ನು ತಡೆಯುವುದು ಅದರ ಉದ್ದೇಶವಾಗಿತ್ತು. ಜನ ರೊಚ್ಚಿಗೆದ್ದರು. 2011ರಲ್ಲಿ ಎರಡನ್ನೂ ಮರಳಿ ತಂದರಾದರೂ 2012ರ ನವೆಂಬರ್‌ನಲ್ಲಿ ಕಾಳಗದ ಪದ್ಧತಿಯನ್ನೇ ಬುಡಮೇಲು ಮಾಡಿದ ಮೇಲೆ ಹಳಬರು ಗುಂಪುಗುಂಪಾಗಿ ಬಿಟ್ಟುಹೋದರು. ಆಗ ಸಂಸ್ಥೆಯ ಬಳಿ 2007ರ ಆಗಸ್ಟ್‌ನ ಒಂದು ಬ್ಯಾಕಪ್ ಉಳಿದಿರುವುದು ಗೊತ್ತಾಯಿತು. ಅದನ್ನು ತೆರೆಯಬೇಕೇ ಎಂದು 2013ರ ಫೆಬ್ರವರಿಯಲ್ಲಿ ಆಡುಗರನ್ನೇ ಕೇಳಿದಾಗ ಸುಮಾರು 4.5 ಲಕ್ಷ ಮತಗಳು ಬಿದ್ದವು. ಅದೇ ತಿಂಗಳ 22ರಂದು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಶುರುವಾಯಿತು.

ಇಲ್ಲಿಯವರೆಗಿನದು ಹಳೆಯ ನೆನಪಿನ ಕಥೆಯೇ ಹೌದು. ಬರೀ ಬ್ಯಾಕಪ್ಪನ್ನು ತೆರೆದು ಸುಮ್ಮನಿದ್ದಿದ್ದರೆ ಎಲ್ಲರೂ ತಮ್ಮ ಹಳೆಯ ಗುರಿಗಳನ್ನು ಮತ್ತೊಮ್ಮೆ ಮುಟ್ಟಿ, ಬೇಸರವಾಗಿ, ಮನೆಗೆ ಹೋಗುತ್ತಿದ್ದರು. ಹಾಗಾಗದಂತೆ ತಡೆದದ್ದು ಮತದಾನದ ಪದ್ಧತಿ. ಯಾವುದೇ ಹೊಸ ಅಂಶ ಆಟಕ್ಕೆ ಸೇರಬೇಕಾದರೆ ಮತ ಹಾಕಿದವರಲ್ಲಿ ಶೇ 75ರಷ್ಟು ಮಂದಿ ಒಪ್ಪಬೇಕೆಂಬ ನಿಯಮವನ್ನು ಅವರು ತಂದರು. 2022ರಲ್ಲಿ ಅದನ್ನು ಶೇ 70ಕ್ಕೆ ಇಳಿಸಿದರು. ನಮ್ಮ ಸಂವಿಧಾನದ ತಿದ್ದುಪಡಿಗೂ ಇಷ್ಟು ಬಹುಮತ ಬೇಕಿಲ್ಲ! ಹೊಸ ಕೌಶಲವೊಂದನ್ನು ಸೇರಿಸುವ ಪ್ರಸ್ತಾವ ಒಂದಕ್ಕಿಂತ ಹೆಚ್ಚು ಸಲ ಬಿದ್ದುಹೋಯಿತು. 2019ರಲ್ಲಿ ವಾರ್ಡಿಂಗ್ ಎಂಬ ಕೌಶಲಕ್ಕೆ ಬಹುಮತ ಸಿಕ್ಕರೂ ಶೇ 75 ಸಿಗಲಿಲ್ಲವಾದ್ದರಿಂದ ಅದನ್ನು ಕೈಬಿಟ್ಟರು. ಕೊನೆಗೆ ಗೆದ್ದದ್ದು ನೌಕಾಯಾನ. 2023ರಲ್ಲಿ ಒಪ್ಪಿಗೆ ಪಡೆದ ಅದು ಆಟದೊಳಗೆ ಬಂದಾಗ 2025ರ ನವೆಂಬರ್ ಆಗಿತ್ತು.

ಇದರಿಂದ ಏನಾಯಿತೆಂದರೆ, ಹಳೆಯ ಆಟ ಹಳೆಯದಾಗಿಯೇ ಉಳಿಯದೆ, 2007ರಿಂದ ಬೇರೆಯೇ ದಾರಿಯಲ್ಲಿ ಬೆಳೆದಿದ್ದರೆ ಹೇಗಿರುತ್ತಿತ್ತೋ ಹಾಗೆ ಬೆಳೆಯಿತು. ಇವತ್ತು ಅದರಲ್ಲಿರುವ ರೇಡ್‌ಗಳಲ್ಲಿ ಒಂದೂ ಆ ಬ್ಯಾಕಪ್ಪಿನಲ್ಲಿ ಇರಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಮೊಬೈಲ್‌ಗೂ ಬಂತು. ಒಂದೇ ಹೊತ್ತಿನಲ್ಲಿ ಆಡುತ್ತಿರುವವರ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ 2 ಲಕ್ಷ ದಾಟಿದೆ. ಹೊಸ ರೂನ್‌ಸ್ಕೇಪ್‌ಗಿಂತ ಹಳೆಯದರಲ್ಲೇ ಜನ ಹೆಚ್ಚು. ಇವರೆಲ್ಲ 2007ರಲ್ಲಿ ಆಡಿದ್ದವರೇ ಆಗಿದ್ದರೆ ಈ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕರಗಬೇಕಿತ್ತು. ಆದ್ದರಿಂದ ನಿಮ್ಮ ಎರಡು ಸಾಧ್ಯತೆಗಳಲ್ಲಿ ನಾನು ಎರಡನೆಯದರ ಪರ.

ಉತ್ತರ: ರಾತ್ರಿಪಾಳಿ

ಹಳೇಮೌಸ್ ಅವರು ಕೊಟ್ಟ ವಿವರಗಳ ಬಗ್ಗೆ ತಕರಾರಿಲ್ಲ. ಅವುಗಳಿಂದ ಅವರು ಹೊರಡಿಸಿದ ತೀರ್ಮಾನದ ಬಗ್ಗೆ ಇದೆ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಬಹುಮಟ್ಟಿಗೆ ಒಬ್ಬರೇ ಕೂತು ಆಡಬಹುದಾದ ಆಟ. ಮರ ಕಡಿಯಲು, ಮೀನು ಹಿಡಿಯಲು ಪಕ್ಕದಲ್ಲಿ ಇನ್ನೊಬ್ಬರು ಇರಲೇಬೇಕೆಂದಿಲ್ಲ. ಎವರ್‌ಕ್ವೆಸ್ಟ್ ಮತ್ತು ವಾರ್‌ಕ್ರಾಫ್ಟ್ ಹಾಗಲ್ಲ, ಅವು ನಿಂತದ್ದೇ ಅಪರಿಚಿತರ ಮೇಲೆ. ಆದ್ದರಿಂದ ಈ ಪ್ರಶ್ನೆಗೆ ವಾರ್‌ಕ್ರಾಫ್ಟ್ ಕ್ಲಾಸಿಕ್ ಹೆಚ್ಚು ಪ್ರಾಮಾಣಿಕ ಪರೀಕ್ಷೆ ಎಂದು ನಾನು ಭಾವಿಸುತ್ತೇನೆ. ಅದರಲ್ಲಿ ನಾನು ಮೊದಲ ವಾರದಿಂದಲೂ ಇದ್ದೆ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಹಳೆಯ ಆವೃತ್ತಿಯ ಸರ್ವರ್ ಬೇಕೆಂದು 2013ರ ಬ್ಲಿಜ್‌ಕಾನ್ ಸಮಾವೇಶದಲ್ಲಿ ಒಬ್ಬರು ಕೇಳಿದಾಗ, ವಾರ್‌ಕ್ರಾಫ್ಟ್ ತಯಾರಿಸುವ ಬ್ಲಿಜರ್ಡ್ ಕಂಪನಿಯ ಜೆ. ಅಲೆನ್ ಬ್ರ್ಯಾಕ್, ನಿಮಗೆ ಅದು ಬೇಕು ಅನ್ನಿಸುತ್ತಿದೆ, ಆದರೆ ನಿಜಕ್ಕೂ ಬೇಕಿಲ್ಲ ಎಂಬರ್ಥದ ಉತ್ತರ ಕೊಟ್ಟಿದ್ದರು. ಅಭಿಮಾನಿಗಳು ನಡೆಸುತ್ತಿದ್ದ ನಾಸ್ಟಾಲ್ರಿಯಸ್ ಎಂಬ ಖಾಸಗಿ ಸರ್ವರ್, ಬ್ಲಿಜರ್ಡ್‌ನ ವಕೀಲರ ಪತ್ರಕ್ಕೆ ಮಣಿದು 2016ರ ಏಪ್ರಿಲ್‌ನಲ್ಲಿ ಮುಚ್ಚಿದಾಗ, ಹಳೆಯ ಆಟವನ್ನು ಅಧಿಕೃತವಾಗಿ ಕೊಡಿ ಎಂಬ ಮನವಿಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಮರುವರ್ಷ ಅದೇ ಬ್ರ್ಯಾಕ್ ವೇದಿಕೆ ಹತ್ತಿ ಕ್ಲಾಸಿಕ್ ಘೋಷಿಸಿದರು. 2019ರ ಆಗಸ್ಟ್ ಕೊನೆಯಲ್ಲಿ ಅದು ತೆರೆದಾಗ ಲಾಗಿನ್ ಆಗಲು ಗಂಟೆಗಟ್ಟಲೆ ಸರದಿ. ಒಳಗೆ ಹೋದರೆ ಅಲ್ಲೂ ಸರದಿ: ಕ್ವೆಸ್ಟ್‌ಗೆ ಬೇಕಾದ ಒಂದೇ ಒಂದು ಶತ್ರು ಮತ್ತೆ ಹುಟ್ಟುವುದನ್ನು ಕಾಯುತ್ತ ಹತ್ತಾರು ಮಂದಿ, ಯಾರೂ ಹೇಳದೆಯೇ, ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತಿದ್ದರು. ಮಧ್ಯೆ ನುಗ್ಗಿದವನಿಗೆ ಎಲ್ಲರೂ ಬೈದರು. ಆ ವಾರ ನೋಡಿದವರು ಹಳೆಯ ಕಾಲವೇ ವಾಪಸು ಬಂತೆಂದು ನಂಬಿದ್ದರೆ ಆಶ್ಚರ್ಯವಿಲ್ಲ.

ಆದರೆ ಆ ವಾರ ಮುಗಿಯುವ ಮೊದಲೇ ಮೋಲ್ಟನ್ ಕೋರ್ ಎಂಬ ರೇಡ್‌ನ ಕೊನೆಯ ಬಾಸ್, ಅಂದರೆ ಮುಖ್ಯ ಶತ್ರು, ರ‍್ಯಾಗ್ನರೋಸ್ ಸತ್ತಿದ್ದ. ಅದೇ ರ‍್ಯಾಗ್ನರೋಸ್‌ನನ್ನು ಮೂಲ ಆಟದಲ್ಲಿ ಮೊದಲ ಸಲ ಕೊಂದದ್ದು 2005ರ ಏಪ್ರಿಲ್‌ನಲ್ಲಿ, ಆಟ ಬಿಡುಗಡೆಯಾಗಿ ಐದು ತಿಂಗಳಾದ ಮೇಲೆ. ಬಾಸ್ ಬದಲಾಗಿರಲಿಲ್ಲ, ಆಡುವವರು ಬದಲಾಗಿದ್ದರು. ಖಾಸಗಿ ಸರ್ವರ್‌ಗಳಲ್ಲಿ ವರ್ಷಗಟ್ಟಲೆ ಅಳೆದು ಸುರಿದು ಇಟ್ಟ ಲೆಕ್ಕಗಳೆಲ್ಲ ಅವರ ಬಳಿ ಸಿದ್ಧವಾಗಿದ್ದವು. ಯಾವ ಲೆವೆಲ್‌ನಲ್ಲಿ ಯಾವ ಗುಹೆ, ಯಾವ ಕತ್ತಿ, ಯಾವ ಜನಾಂಗದ ಯಾವ ಯೋಧ ಎಂಬುದಕ್ಕೆ ಒಂದೇ ಸರಿಯುತ್ತರವಿತ್ತು. ಬೇರೆ ಉತ್ತರ ಬರೆದವರಿಗೆ ರೇಡ್‌ನಲ್ಲಿ ಜಾಗ ಸಿಗುತ್ತಿರಲಿಲ್ಲ.

ಇದರ ಅತಿರೇಕ ಕಂಡದ್ದು ವರ್ಲ್ಡ್ ಬಫ್‌ಗಳಲ್ಲಿ, ಅಂದರೆ ಸ್ವಲ್ಪ ಹೊತ್ತು ಪಾತ್ರದ ಬಲ ಹೆಚ್ಚಿಸುವ ವರಗಳಲ್ಲಿ. ಓನಿಕ್ಸಿಯಾ ಡ್ರ್ಯಾಗನ್ನಿನ ತಲೆಯನ್ನು ರಾಜಧಾನಿಯಲ್ಲಿ ತೂಗುಹಾಕಿದಾಗ ಅಲ್ಲಿದ್ದವರಿಗೆಲ್ಲ ಎರಡು ಗಂಟೆಯ ಮಟ್ಟಿಗೆ ಬಲ ಹೆಚ್ಚುತ್ತದೆ. ಫೆಲ್‌ವುಡ್ ಕಾಡಿನ ಒಂದು ಹೂವಿನಿಂದ ಇನ್ನೊಂದು ವರ, ಜುಲ್‌ಗುರುಬ್‌ನ ಹೃದಯವೊಂದರಿಂದ ಮತ್ತೊಂದು. ಸತ್ತರೆ ಎಲ್ಲವೂ ಹೋಗುತ್ತದೆ. 2005ರಲ್ಲಿ ಇವು ಸಿಕ್ಕರೆ ಸಿಕ್ಕವು ಎಂಬಂತಿದ್ದ ಸಣ್ಣ ಸಂತೋಷಗಳು. 2020ರ ಹೊತ್ತಿಗೆ, ತಲೆ ಯಾವ ಗಂಟೆಗೆ ತೂಗುಬೀಳುತ್ತದೆ ಎಂಬ ವೇಳಾಪಟ್ಟಿಯನ್ನು ಗಿಲ್ಡ್‌ಗಳು, ಅಂದರೆ ಆಡುಗರ ಸಂಘಗಳು, ಡಿಸ್ಕಾರ್ಡ್‌ನಲ್ಲಿ ಪ್ರಕಟಿಸುತ್ತಿದ್ದವು; ಜನ ಲಾಗಿನ್ ಆಗಿ, ವರ ಪಡೆದು, ಅದು ಕಳೆದುಹೋಗಬಾರದೆಂದು ಕೂಡಲೇ ಲಾಗೌಟ್ ಆಗಿ, ರೇಡ್ ದಿನದವರೆಗೆ ಆ ಪಾತ್ರವನ್ನು ಮುಟ್ಟದೆ ಇಡುತ್ತಿದ್ದರು. ಆಟ ಆಡುವುದಕ್ಕೋಸ್ಕರ ಆಟ ಆಡದೇ ಇರುವುದು! ಕೊನೆಗೆ 2021ರಲ್ಲಿ ಈ ವರಗಳನ್ನು ಕೂಡಿಡುವ ಒಂದು ವಸ್ತುವನ್ನು ಬ್ಲಿಜರ್ಡ್ ತಾನೇ ಆಟಕ್ಕೆ ಸೇರಿಸಬೇಕಾಯಿತು.

ಹೀಗಾಗಿ ನನ್ನ ಅಭಿಪ್ರಾಯದಲ್ಲಿ ಹಳೆಯ ಕೋಡ್ ವಾಪಸು ಬರಬಹುದು, ಅದನ್ನು ತಿಳಿಯದವರಾಗಿ ಆಡುವ ಅವಕಾಶ ವಾಪಸು ಬರುವುದಿಲ್ಲ. ಕಷ್ಟ ಬೇಕೆಂದು ಆಡುಗರು ಬಾಯಲ್ಲಿ ಹೇಳಿದರೂ ಕಾಲು ಅನುಕೂಲದ ಕಡೆಗೇ ನಡೆಯುತ್ತದೆ ಎಂಬುದಕ್ಕೆ ಇತಿಹಾಸವೂ ಇದೆ. ಅಲ್ಟಿಮಾ ಆನ್‌ಲೈನ್‌ನಲ್ಲಿ ದಾರಿಗಳ್ಳರ ಕಾಟ ತಾಳಲಾರದೆ 2000ದಲ್ಲಿ ಲೋಕವನ್ನೇ ಎರಡು ಪ್ರತಿ ಮಾಡಿ, ಒಂದರಲ್ಲಿ ಕೊಲೆಗೆ ಅವಕಾಶವಿಲ್ಲದಂತೆ ಮಾಡಿದಾಗ, ಬಹುತೇಕರು ಗಂಟುಮೂಟೆ ಕಟ್ಟಿಕೊಂಡು ಸುರಕ್ಷಿತ ಲೋಕಕ್ಕೆ ಹೊರಟರು. ಇವತ್ತಿಗೂ ಆ ಹಳೆಯ ಅಪಾಯದ ಲೋಕವನ್ನು ಹಾಡಿ ಹೊಗಳುವವರಲ್ಲಿ ಎಷ್ಟೋ ಮಂದಿ ಅಂದು ಹೊರಟ ಮೊದಲ ಬಂಡಿಯಲ್ಲೇ ಇದ್ದಿರಬೇಕು.

ಮರುಪ್ರಶ್ನೆ: ತುಂಗಾತೀರ

ಇಬ್ಬರಿಗೂ ಧನ್ಯವಾದ. ರಾತ್ರಿಪಾಳಿ ಅವರ ವಾದವನ್ನು ಒಪ್ಪಿದರೆ ಸಮಸ್ಯೆ ಇರುವುದು ಆಟದ ಹೊರಗೆ, ಅಂದರೆ ವಿಕಿ, ಯೂಟ್ಯೂಬ್, ಡಿಸ್ಕಾರ್ಡ್‌ಗಳಲ್ಲಿ. ಆದರೆ ಎಲ್ಲ ಉತ್ತರಗಳೂ ಗೊತ್ತಿರುವ ಆಟದಲ್ಲೂ ಇನ್ನೊಬ್ಬರ ನೆರವಿಲ್ಲದೆ ಮುಂದೆ ಹೋಗಲಾಗದು ಎಂದಿದ್ದರೆ, ಗೊತ್ತಿರುವುದರಿಂದ ಅಷ್ಟೇನೂ ನಷ್ಟವಾಗಬಾರದಲ್ಲವೇ? ಎವರ್‌ಕ್ವೆಸ್ಟ್ ಆಡಿರುವವರು ಯಾರಾದರೂ ಹೇಳಬಹುದೇ?

ಉತ್ತರ: ಕಬಿನಿ ಡ್ರೂಯಿಡ್

ನಾನು ಎವರ್‌ಕ್ವೆಸ್ಟ್‌ನ್ನು ಅದರ ಕಾಲದಲ್ಲಿ ಆಡಿದವಳಲ್ಲ. 2009ರಿಂದ ನಡೆಯುತ್ತಿರುವ ಪ್ರಾಜೆಕ್ಟ್ 1999 ಎಂಬ ಅಭಿಮಾನಿಗಳ ಸರ್ವರ್‌ನಲ್ಲಿ, ಓದಲೆಂದು ಅಮೆರಿಕಕ್ಕೆ ಬಂದ ಮೇಲೆ ಆಡಲು ಶುರು ಮಾಡಿದೆ. ಹಾಗಾಗಿ ನನಗೆ ಮರಳಿ ಪಡೆಯಲು ಹಳೆಯ ನೆನಪು ಯಾವುದೂ ಇಲ್ಲ. ಈ ಚರ್ಚೆಯಲ್ಲಿ ಅದೇ ನನ್ನ ಅರ್ಹತೆ ಎಂದುಕೊಳ್ಳಿ.

ಆ ಸರ್ವರ್ ಮೂಲ ಆಟವನ್ನೂ ಕುನಾರ್ಕ್, ವೆಲಿಯಸ್ ಎಂಬ ಮೊದಲ ಎರಡು ವಿಸ್ತರಣೆಗಳನ್ನೂ ಮಾತ್ರ ಇಟ್ಟುಕೊಂಡು ಅಲ್ಲಿಗೇ ನಿಲ್ಲುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬ ಈ ಆಯ್ಕೆ ಬಹಳ ಮುಖ್ಯ. 2001ರ ಕೊನೆಯಲ್ಲಿ ಬಂದ ಮೂರನೆಯ ವಿಸ್ತರಣೆ ಮಾರಾಟಕ್ಕೆಂದೇ ಒಂದು ಪ್ರತ್ಯೇಕ ಬಜಾರ್ ವಲಯವನ್ನು ಕೊಟ್ಟಿತು. ಅಲ್ಲಿ ನಿಮ್ಮ ಪಾತ್ರವನ್ನು ಅಂಗಡಿಯಂತೆ ಕೂರಿಸಿ ನೀವು ನಿದ್ದೆ ಮಾಡಬಹುದಿತ್ತು. ಅದಕ್ಕೆ ಮೊದಲು ವ್ಯಾಪಾರ ನಡೆಯುತ್ತಿದ್ದುದು ಈಸ್ಟ್ ಕಾಮನ್ಸ್ ಪ್ರದೇಶದ ಒಂದು ಸುರಂಗದಲ್ಲಿ. ಪ್ರಾಜೆಕ್ಟ್ 1999ರಲ್ಲಿ ಇಂದಿಗೂ ಅಲ್ಲೇ ನಡೆಯುತ್ತದೆ. ಆಟದ ತಯಾರಕರು ಅದನ್ನು ಮಾರುಕಟ್ಟೆಯೆಂದು ಕಟ್ಟಿರಲಿಲ್ಲ. ಫ್ರೀಪೋರ್ಟ್ ನಗರದ ಹೊರಗೆ, ಒಳ್ಳೆಯವರೂ ದುಷ್ಟ ಜನಾಂಗದವರೂ ಕಾವಲುಗಾರರ ಕತ್ತಿಗೆ ಸಿಗದೆ ನಿಲ್ಲಬಹುದಾದ ಒಂದು ಜಾಗ ಅದು, ಅಷ್ಟೇ. ಜನ ಕೂಡಿ ಕೂಡಿ ಅದು ಸಂತೆಯಾಯಿತು.

ಆ ಸಂತೆಯಲ್ಲಿ ಒಂದು ಸಂಜೆ ಹೇಗಿರುತ್ತದೆ ಎಂದು ಹೇಳುತ್ತೇನೆ. ಪರದೆಯ ಕೆಳಗೆ ಹಸಿರು ಅಕ್ಷರಗಳಲ್ಲಿ ಕೂಗುಗಳು ಓಡುತ್ತಿರುತ್ತವೆ: ಇಷ್ಟು ಪ್ಲಾಟಿನಂಗೆ ಕವಚ, ಇಷ್ಟಕ್ಕೆ ಉಂಗುರ, ಬೇಡವಾದರೆ ಬದಲಿಗೆ ಏನು ಕೊಡುತ್ತೀರಿ. ಬೆಲೆಯ ಫಲಕ ಇಲ್ಲ. ನನ್ನ ಡ್ರೂಯಿಡ್ ಅಲ್ಲಿಗೆ ಹೋಗುವುದು ಮಾರಾಟಕ್ಕಲ್ಲ, ಬಾಡಿಗೆ ದುಡಿಯುವುದಕ್ಕೆ. ದೂರದೂರಿಗೆ ಜನರನ್ನು ಮಂತ್ರದಿಂದ ಸಾಗಿಸುವ ಶಕ್ತಿ ಇರುವುದು ಡ್ರೂಯಿಡ್, ವಿಜರ್ಡ್ ಎಂಬ ಎರಡು ಬಗೆಯ ಪಾತ್ರಗಳಿಗೆ ಮಾತ್ರ. ಉಳಿದವರು ಹಡಗಿಗಾಗಿ ಕಾಯಬೇಕು, ಇಲ್ಲವೇ ನಡೆಯಬೇಕು. ಯಾರೋ ಒಬ್ಬ ನಾರ್ತ್ ಕಾರಾನಾಗೆ ಹೋಗಬೇಕೆಂದು ಕೂಗುತ್ತಾನೆ, ನಾನು ಬಾ ಎನ್ನುತ್ತೇನೆ, ಇನ್ನಿಬ್ಬರು ನಾವೂ ಬರುತ್ತೇವೆ ಎನ್ನುತ್ತಾರೆ. ಗುಂಪು ಸೇರಿಸಿ ಮಂತ್ರ ಹಾಕಿದರೆ ಮೂವರೂ ಅಲ್ಲಿ. ಹಣ ಕೊಡಲೇಬೇಕೆಂಬ ನಿಯಮವಿಲ್ಲ, ಆದರೂ ಕೊಡುತ್ತಾರೆ. ಕೊಡದವನ ಹೆಸರು ಮೂರು ದಿನದಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ. ಹೆಸರು ಬದಲಿಸಲು ಅಲ್ಲಿ ಗುಂಡಿಯಿಲ್ಲ.

ಸಾವಿನದೂ ಹೀಗೆಯೇ. ಆಳವಾದ ಗುಹೆಯಲ್ಲಿ ಸತ್ತರೆ ಬರಿಮೈಯಲ್ಲಿ ದೂರದ ಊರಲ್ಲಿ ಎದ್ದೇಳುತ್ತೀರಿ. ಸಾಮಾನೆಲ್ಲ ಹೆಣದ ಮೇಲೆ, ಹೆಣ ಶತ್ರುಗಳ ನಡುವೆ. ಕಳೆದುಕೊಂಡ ಅನುಭವದ ಅಂಕಗಳಿಂದಾಗಿ ಲೆವೆಲ್ಲೇ ಇಳಿದಿರಬಹುದು. ಹೆಣವನ್ನು ತನ್ನ ಬಳಿಗೆ ಕರೆಸಿಕೊಳ್ಳುವ ವಿದ್ಯೆ ನೆಕ್ರೋಮ್ಯಾನ್ಸರ್‌ನದು, ಕಳೆದ ಅಂಕಗಳನ್ನು ಬಹುಪಾಲು ಮರಳಿಸುವ ಪುನರ್ಜೀವನ ಮಂತ್ರ ಕ್ಲೆರಿಕ್‌ನದು. ಮೇಲಾಗಿ ಒಬ್ಬರೇ ಎರಡು ಪಾತ್ರಗಳನ್ನು ಏಕಕಾಲಕ್ಕೆ ಆಡುವುದನ್ನು ಈ ಸರ್ವರ್ ನಿಷೇಧಿಸಿದೆ. ಆದ್ದರಿಂದ ಕ್ಲೆರಿಕ್ ಬೇಕೆಂದರೆ ಕ್ಲೆರಿಕ್ ಆಡುತ್ತಿರುವ ಒಬ್ಬ ಮನುಷ್ಯನನ್ನು ಕಾಡಿ ಬೇಡಿ ಕರೆಯಬೇಕು.

ಈಗ ತುಂಗಾತೀರ ಅವರ ಮರುಪ್ರಶ್ನೆಗೆ ಬರೋಣ. ಈ ಆಟದ ಬಗ್ಗೆ ತಿಳಿಯಬೇಕಾದ್ದೆಲ್ಲ ವಿಕಿಯಲ್ಲಿದೆ. ಯಾವ ಶತ್ರು ಎಷ್ಟು ನಿಮಿಷಕ್ಕೆ ಮತ್ತೆ ಹುಟ್ಟುತ್ತಾನೆಂಬುದೂ ಇದೆ. ಆದರೂ ಕಾರಾನಾಗೆ ಕರೆದೊಯ್ಯುವ ಶಕ್ತಿ ವಿಕಿಗೆ ಇಲ್ಲ. ಕ್ಲಾಸಿಕ್‌ನಲ್ಲಿ ಮಾಹಿತಿ ಎಲ್ಲವನ್ನೂ ನುಂಗಿತು ಎಂಬುದು ನಿಜವಿರಬಹುದು, ಏಕೆಂದರೆ 60ನೇ ಲೆವೆಲ್‌ವರೆಗೂ ಒಬ್ಬಂಟಿಯಾಗಿ ಹೋಗಲು ವಾರ್‌ಕ್ರಾಫ್ಟ್ ಮೊದಲಿನಿಂದಲೂ ದಾರಿ ಬಿಟ್ಟಿತ್ತು. 2004ರಲ್ಲಿ ಅದು ಗೆದ್ದದ್ದೇ ಎವರ್‌ಕ್ವೆಸ್ಟ್‌ಗಿಂತ ಮೃದುವಾಗಿದ್ದುದರಿಂದ.

ಇಷ್ಟೆಲ್ಲ ಹೇಳಿದರೂ ಇದು ಲಕ್ಷಾಂತರ ಜನರನ್ನು ಸೆಳೆಯುತ್ತದೆಂದು ನಾನು ಹೇಳಲಾರೆ. ಸಂಜೆಯ ಹೊತ್ತು ಇಡೀ ಸರ್ವರ್‌ನಲ್ಲಿ ಇರುವವರ ಸಂಖ್ಯೆ ಸಾವಿರದ ಲೆಕ್ಕದಲ್ಲಿ ಮುಗಿಯುತ್ತದೆ. ನನಗೆ ಅದು ಕೊರತೆಯೆಂದು ಅನ್ನಿಸಿಲ್ಲ. ಇಂಥ ಆಟದಲ್ಲಿ ಹೆಸರಿಗೆ ಬೆಲೆ ಬರುವುದೇ ಊರು ಚಿಕ್ಕದಾಗಿದ್ದಾಗ.

ಉತ್ತರ: ಪಡುವಣ

ನಾಲ್ಕು ಮಾತು, ಇಲ್ಲಿಂದ ಆಡುವವನ ದೃಷ್ಟಿಯಿಂದ. ವಾರ್‌ಕ್ರಾಫ್ಟ್‌ಗೆ ಭಾರತದಲ್ಲಿ ಸರ್ವರ್ ಇಲ್ಲ. ಯುರೋಪಿನ ಗಿಲ್ಡ್ ಸೇರಿದರೆ ಅವರ ರಾತ್ರಿ ಎಂಟು ಗಂಟೆಯ ರೇಡ್ ಚಳಿಗಾಲದಲ್ಲಿ ನಮಗೆ ಹನ್ನೆರಡೂವರೆಗೆ ಶುರುವಾಗುತ್ತದೆ, ಮೂರು ಗಂಟೆ ನಡೆಯುತ್ತದೆ, ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿನಲ್ಲಿ ಸ್ಟ್ಯಾಂಡ್‌ಅಪ್ ಮೀಟಿಂಗ್ ಇರುತ್ತದೆ. ಮದುವೆಯಾಗಿ ಮಗುವಾದ ಮೇಲೆ ಇದನ್ನು ನಡೆಸಿಕೊಂಡು ಹೋದವರನ್ನು ನಾನು ನೋಡಿಲ್ಲ.

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ನಮ್ಮ ಕಡೆ ಉಳಿದುಕೊಂಡದ್ದಕ್ಕೆ ಮತದಾನದಷ್ಟೇ ಮುಖ್ಯವಾದ ಇನ್ನೊಂದು ಕಾರಣವಿದೆ ಎಂದು ನನಗನ್ನಿಸುತ್ತದೆ. ಅದರ ಸರ್ವರ್ 0.6 ಸೆಕೆಂಡಿಗೊಮ್ಮೆ ಮಾತ್ರ ಲೆಕ್ಕ ಹಾಕುತ್ತದೆ. ನೀವು ಒತ್ತಿದ್ದು ಏನೇ ಇರಲಿ ಮುಂದಿನ ಬಡಿತಕ್ಕೇ ಜಾರಿಗೆ ಬರುತ್ತದೆ. ಹೀಗಿರುವಾಗ ಲಂಡನ್ನಿನ ಸರ್ವರ್‌ಗೆ 150 ಮಿಲಿಸೆಕೆಂಡ್ ಪಿಂಗ್ (ಸಂದೇಶ ಹೋಗಿ ಬರುವ ಸಮಯ) ಇದ್ದರೂ ಹೆಚ್ಚು ತೊಂದರೆಯಾಗುವುದಿಲ್ಲ. ಹಳೆಯ ಡಯಲ್‌ಅಪ್ ಕಾಲದ ಈ ಮಿತಿ ಮೆಟ್ರೋದಲ್ಲಿ ನಿಂತು ಮೊಬೈಲಿನಲ್ಲಿ ಆಡುವವನಿಗೆ ಅನುಕೂಲವಾಗಿ ಬಿಟ್ಟಿದೆ. ಆದ್ದರಿಂದ ಹಳೆಯ ಆಟ ವಾಪಸು ಬರಲು ರಚನೆ, ನೆನಪು ಎರಡರ ಜೊತೆಗೆ, ಅದು ಆಡುವವನ ದಿನಚರಿಯೊಳಗೆ ಹಿಡಿಸುತ್ತದೆಯೇ ಎಂಬುದನ್ನೂ ನೋಡಬೇಕು. ಕಬಿನಿ ಡ್ರೂಯಿಡ್ ಅವರ ಸುರಂಗ ನನಗೆ ಬಹಳ ಇಷ್ಟವಾಯಿತು, ಆದರೆ ನನ್ನ ಅರ್ಧ ಗಂಟೆಯ ಬಿಡುವಿನಲ್ಲಿ ಅದು ಹಿಡಿಸುವುದಿಲ್ಲ.

ಉತ್ತರ: ಹಳೇಮೌಸ್

ಪಡುವಣ ಅವರ ಮಾತಿಗೆ ನನ್ನದೊಂದು ಸೇರ್ಪಡೆ. 2007ರ ಆಗಸ್ಟ್ ಬ್ಯಾಕಪ್ಪಿನಲ್ಲಿ ಗ್ರ್ಯಾಂಡ್ ಎಕ್ಸ್‌ಚೇಂಜ್ ಎಂಬ ಸ್ವಯಂಚಾಲಿತ ಮಾರುಕಟ್ಟೆ ಇರಲಿಲ್ಲ, ಅದು ಮೂಲ ಆಟಕ್ಕೆ ಬಂದದ್ದು ಆ ವರ್ಷದ ನವೆಂಬರ್‌ನಲ್ಲಿ. ಹಾಗಾಗಿ ಓಲ್ಡ್ ಸ್ಕೂಲ್‌ನ ಮೊದಲ ಎರಡು ವರ್ಷ ವಾರಾಕ್‌ನ ಬ್ಯಾಂಕಿನ ಮುಂದೆ ನಿಂತು ಕೂಗಿಯೇ ವ್ಯಾಪಾರ ಮಾಡುತ್ತಿದ್ದೆವು, ಸುರಂಗದಲ್ಲಿ ಮಾಡುವ ಹಾಗೆಯೇ. 2015ರಲ್ಲಿ ಆಡುಗರೇ ಮತ ಹಾಕಿ ಗ್ರ್ಯಾಂಡ್ ಎಕ್ಸ್‌ಚೇಂಜನ್ನು ತಂದರು. ನಾನು ವಿರುದ್ಧ ಹಾಕಿದ್ದೆ. ಅನುಕೂಲದ ಕಡೆಗೇ ಕಾಲು ನಡೆಯುತ್ತದೆ ಎಂಬ ರಾತ್ರಿಪಾಳಿ ಅವರ ಮಾತಿಗೆ ಇದು ನನ್ನ ಕಡೆಯಿಂದಲೇ ಸಿಗುವ ಪುರಾವೆ. ಆದರೆ ಅದೇ ಹೊತ್ತಿಗೆ, ಯಾರೊಡನೆಯೂ ವ್ಯಾಪಾರ ಮಾಡದೆ ಎಲ್ಲವನ್ನೂ ತಾನೇ ಸಂಪಾದಿಸುವ ಐರನ್‌ಮ್ಯಾನ್ ಎಂಬ ಬಗೆಯನ್ನು ಸಾವಿರಾರು ಜನ ತಾವಾಗಿಯೇ ಆರಿಸಿಕೊಂಡರು. ಎರಡರಿಂದ ಐದು ಮಂದಿ ಸೇರಿ, ತಮ್ಮ ನಡುವೆ ಮಾತ್ರ ಕೊಡುಕೊಳ್ಳುವಿಕೆ ಇಟ್ಟುಕೊಳ್ಳುವ ಗುಂಪು ಐರನ್‌ಮ್ಯಾನ್ 2021ರಲ್ಲಿ ಬಂತು. ಎಲ್ಲರಿಗೂ ಅನುಕೂಲವನ್ನು ಕೊಟ್ಟು, ಬೇಡವೆನ್ನುವವರಿಗೆ ಅದನ್ನು ಬಿಡುವ ದಾರಿಯನ್ನೂ ಇಟ್ಟದ್ದು ಜಾಣತನ.

ಉತ್ತರ: ಶಾಸನ

ಇಲ್ಲಿಯವರೆಗೆ ಯಾರೂ ಎತ್ತದ ಒಂದು ವಿಷಯ: ಮರಳಿ ಬರಬೇಕಾದರೆ ಮೊದಲು ಆಟ ಎಲ್ಲಾದರೂ ಉಳಿದಿರಬೇಕು. ಇಂಥ ಆಟಗಳ ಅರ್ಧ ಭಾಗ ಕಂಪನಿಯ ಸರ್ವರ್‌ನಲ್ಲಿರುತ್ತದೆ. ಅದನ್ನು ನಿಲ್ಲಿಸಿದ ದಿನ ನಿಮ್ಮ ಬಳಿಯಿರುವ ಡಿಸ್ಕ್‌ಗೆ ಬೆಲೆ ಇಲ್ಲ. ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ 2011ರ ಡಿಸೆಂಬರ್‌ನಲ್ಲಿ ಮುಚ್ಚಿತು. ಅಭಿಮಾನಿಗಳು ಅದರ 2005ಕ್ಕೆ ಮೊದಲಿನ ರೂಪವನ್ನು, ಅಂದರೆ ಕಂಪನಿಯೇ ಆಟವನ್ನು ಅಡಿಮೇಲು ಮಾಡುವ ಮೊದಲಿನದನ್ನು, ಆಚೆಯಿಂದ ನೋಡಿ ನೋಡಿ ಹೊಸದಾಗಿ ಬರೆದುಕೊಂಡರು.

ಕಾನೂನಿನ ದೃಷ್ಟಿಯಲ್ಲಿ ಇಂಥವರ ಸ್ಥಿತಿ ಅತಂತ್ರ. ನಾಸ್ಟಾಲ್ರಿಯಸ್‌ಗೆ ಬಂದದ್ದು ವಕೀಲರ ಪತ್ರ. ಆದರೆ ಪ್ರಾಜೆಕ್ಟ್ 1999ರ ನಿರ್ವಾಹಕರು 2015ರಲ್ಲಿ ಎವರ್‌ಕ್ವೆಸ್ಟ್‌ನ ಈಗಿನ ಒಡೆಯರಾದ ಡೇಬ್ರೇಕ್ ಜೊತೆ ಒಪ್ಪಂದ ಮಾಡಿಕೊಂಡರು. 2012ರಲ್ಲಿ ಮುಚ್ಚಿದ ಸಿಟಿ ಆಫ್ ಹೀರೋಸ್‌ನ್ನು ನಡೆಸುತ್ತಿದ್ದ ಅಭಿಮಾನಿಗಳ ಹೋಮ್‌ಕಮಿಂಗ್ ತಂಡಕ್ಕೆ ಆಟದ ಒಡೆಯರಾದ ಎನ್‌ಸಿಸಾಫ್ಟ್ 2024ರ ಜನವರಿಯಲ್ಲಿ ಅಧಿಕೃತ ಪರವಾನಗಿ ಕೊಟ್ಟಿತು. ನನ್ನ ಮಟ್ಟಿಗೆ ಈ ಚರ್ಚೆಯ ಅತಿ ಮುಖ್ಯ ಸುದ್ದಿ ಅದೇ. ಷೇರುದಾರರಿಗೆ ಲೆಕ್ಕ ಕೊಡಬೇಕಾದ ಕಂಪನಿಗೆ ಐದು ಸಾವಿರ ಜನರ ಆಟ ಹೊರೆ. ದೇಣಿಗೆಯಿಂದ ಸರ್ವರ್ ಬಾಡಿಗೆ ಕಟ್ಟುವ ತಂಡಕ್ಕೆ ಅದೇ ಐದು ಸಾವಿರ ಜನ ಧಾರಾಳವಾಗಿ ಸಾಕು. ಯುರೋಪಿನಲ್ಲಿ ಆಟಗಳನ್ನು ಮುಚ್ಚುವ ಮೊದಲು ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಬೇಕೆಂದು ಕೇಳುವ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಮನವಿ 2025ರ ಜುಲೈನಲ್ಲಿ ಹತ್ತು ಲಕ್ಷ ಸಹಿ ದಾಟಿದ್ದನ್ನೂ ಇದರ ಜೊತೆ ಓದಬೇಕು.

ಉತ್ತರ: ರಾತ್ರಿಪಾಳಿ

ಕಬಿನಿ ಡ್ರೂಯಿಡ್ ಅವರ ಉತ್ತರವನ್ನು ಎರಡು ಸಲ ಓದಿದೆ. ಮಾಹಿತಿ ಎಲ್ಲವನ್ನೂ ನುಂಗುತ್ತದೆ ಎಂಬ ನನ್ನ ವಾದಕ್ಕೆ ಕ್ಲಾಸಿಕ್‌ನೊಳಗಿನಿಂದಲೇ ಒಂದು ಅಪವಾದ ಸಿಗುತ್ತದೆ ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಒಂದೇ ಸಲ ಸಾಯಬಹುದಾದ ಹಾರ್ಡ್‌ಕೋರ್ ಪದ್ಧತಿಯನ್ನು ಆಡುಗರೇ ನಿಯಮ ಕಟ್ಟಿಕೊಂಡು ಆರಂಭಿಸಿದ್ದರು. 2023ರ ಆಗಸ್ಟ್‌ನಲ್ಲಿ ಬ್ಲಿಜರ್ಡ್ ಅದಕ್ಕೆ ಅಧಿಕೃತ ಸರ್ವರ್ ಕೊಟ್ಟಿತು. ಆಟ ಅದೇ, ವಿಕಿ ಅದೇ. ಆದರೆ ಅಲ್ಲಿ 12ನೇ ಲೆವೆಲ್‌ನ ಗುಹೆಯ ಬಾಗಿಲಲ್ಲೂ ಜನ ಯಾರಾದರೂ ಜೊತೆಗೆ ಬರುತ್ತೀರಾ ಎಂದು ಕೇಳಿ, ಅಪರಿಚಿತರನ್ನು ಕಾದು, ಸೇರಿಕೊಂಡು ಒಳಗೆ ಹೋಗುತ್ತಾರೆ. ಉತ್ತರ ಗೊತ್ತಿದ್ದರೂ ಕೈ ನಡುಗುತ್ತದೆ.

ಆದರೂ ನನ್ನ ಅನುಮಾನ ಪೂರ್ತಿ ಹೋಗಿಲ್ಲ. 2025ರ ಮಾರ್ಚ್‌ನಲ್ಲಿ ಪ್ರಸಿದ್ಧ ಸ್ಟ್ರೀಮರ್‌ಗಳ ಗಿಲ್ಡೊಂದು ರೇಡ್‌ನಲ್ಲಿದ್ದಾಗ ಯಾರೋ ಸರ್ವರ್ ಮೇಲೆ ದಾಳಿ ನಡೆಸಿ, ಸಂಪರ್ಕ ಕಡಿದು, ಅವರ ಪಾತ್ರಗಳು ಸಾಯುವಂತೆ ಮಾಡಿದರು. ಸತ್ತವರನ್ನು ಎಂದಿಗೂ ಎಬ್ಬಿಸುವುದಿಲ್ಲ ಎನ್ನುತ್ತಿದ್ದ ಬ್ಲಿಜರ್ಡ್ ಆಗ ನಿಯಮ ಸಡಿಲಿಸಿ ಎಬ್ಬಿಸಿತು. ದಾಳಿಯಿಂದ ಸತ್ತವರನ್ನು ಎಬ್ಬಿಸಿದ್ದು ನ್ಯಾಯವೆಂದೇ ನಾನೂ ಹೇಳುತ್ತೇನೆ. ಆದರೆ ನಮ್ಮ ಮನೆಯಲ್ಲಿ ಕರೆಂಟು ಹೋಗಿ ಸತ್ತ ಪಾತ್ರಕ್ಕೆ ಆ ನ್ಯಾಯ ಸಿಗುವುದಿಲ್ಲ. ಕಷ್ಟದ ನಿಯಮ ಎಲ್ಲರಿಗೂ ಒಂದೇ ಆಗಿರುವವರೆಗೆ ಮಾತ್ರ ಇಂಥ ಆಟಗಳು ನಿಲ್ಲುತ್ತವೆ. ಎಂಥ ಸಾವಿಗೆ ರಿಯಾಯಿತಿ ಎಂಬ ಚರ್ಚೆ ಹಾರ್ಡ್‌ಕೋರ್ ಆಡುವವರ ನಡುವೆ ಇನ್ನೂ ತೀರಿಲ್ಲ.

ಪ್ರತಿಕ್ರಿಯೆ: ತುಂಗಾತೀರ

ಎಲ್ಲರಿಗೂ ಕೃತಜ್ಞ. ನಾನು ಪ್ರಶ್ನೆಯಲ್ಲಿ ಇಟ್ಟ ಎರಡೇ ಸಾಧ್ಯತೆಗಳು ಸಾಲವು ಎಂಬುದು ಸ್ಪಷ್ಟವಾಯಿತು. ಲಕ್ಷಾಂತರ ಜನರ ಆಟವಾಗಿ ಮರಳುವುದು, ಚಿಕ್ಕ ಊರಾಗಿ ಉಳಿಯುವುದು ಇವೆರಡನ್ನೂ ಬೇರೆ ಬೇರೆಯಾಗಿ ಕೇಳಬೇಕಿತ್ತು. ಮೊದಲನೆಯದಕ್ಕೆ ಇದುವರೆಗೆ ಸಿಕ್ಕ ಗಟ್ಟಿ ಉದಾಹರಣೆ ಒಂದೇ, ಎರಡನೆಯದಕ್ಕೆ ಹಲವು.

ಅಕ್ಕನ ಮಗನಿಗೆ ಹಾರ್ಡ್‌ಕೋರ್‌ನ ವಿಷಯ ಹೇಳಿದೆ. ಒಂದೇ ಜೀವ ಎಂಬುದು ಅವನಿಗೆ ಹಿಡಿಸಿತು, ಪ್ರತಿ ತಿಂಗಳು ಚಂದಾ ಕಟ್ಟಬೇಕೆಂಬುದು ಹಿಡಿಸಲಿಲ್ಲ. ಹೀಗಾಗಿ ರೂನ್‌ಸ್ಕೇಪ್‌ನಲ್ಲಿ ಗುಂಪು ಐರನ್‌ಮ್ಯಾನ್ ಮಾಡೋಣ ಎಂದುಕೊಂಡಿದ್ದೇವೆ. ಹಳೇಮೌಸ್ ಅವರೇ, ಅದನ್ನು ಚಂದಾ ಇಲ್ಲದೆ ಎಷ್ಟು ದೂರ ಆಡಬಹುದು, ಮತ್ತು ಇಬ್ಬರೇ ಇದ್ದರೆ ಮೊದಲು ಯಾವ ಕೌಶಲಗಳನ್ನು ಹಂಚಿಕೊಳ್ಳುವುದು ಒಳ್ಳೆಯದು? ಇನ್ನು ಮೂರು ಜಾಗ ಖಾಲಿ ಇವೆ. ಪಡುವಣ ಅವರು ಅರ್ಧ ಗಂಟೆಯ ಬಿಡುವಿನಲ್ಲೇ ಬರುವುದಾದರೂ ಅಡ್ಡಿಯಿಲ್ಲ.